ತುದಿ ಮಗುಚಿದ ಎಲೆ

ಎಲೆಯಕ್ಕನಿಗೆ ಹೊಟ್ಟೆಕಿಚ್ಚು ಅಂಟಿಕೊಂಡದ್ದು ಐವತ್ತಾರನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವಳು ಬಹಳ ಒಳ್ಳೆಯವಳಾಗಿದ್ದಳು ಎಂದಲ್ಲ. ಸಂದರ್ಭ ಬಂದಿರಲಿಲ್ಲ, ಅಷ್ಟೇ. ಹೊಟ್ಟೆ ಉರಿಯಬೇಕಾದರೆ ನಮ್ಮ ಕೆಲಸದಲ್ಲೇ ನಮ್ಮನ್ನು ಮೀರಿಸಿದವರು ಒಬ್ಬರಾದರೂ ಕಣ್ಣೆದುರಿಗೆ ಕೂತಿರಬೇಕು. ಎಲೆ ಹೊಲಿಯುವುದರಲ್ಲಿ ಅವಳನ್ನು ಮೀರಿಸಿದವರು ಆ ಕಸೂತಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಯಾರೂ ಇರಲಿಲ್ಲ.

ಕಾರ್ಖಾನೆ ಎಂದರೆ ಹೊಗೆ ಉಗುಳುವಂಥದ್ದೇನಲ್ಲ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ಏಳು ಜನ ಹೆಂಗಸರು, ಏಳು ಮರದ ಚೌಕಟ್ಟು, ಒಂದೇ ಒಂದು ದೊಡ್ಡ ಕಿಟಕಿ. ಜಾಲರಿಯಂಥ ಗಟ್ಟಿ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಅದರ ಒಂದೊಂದು ಕಣ್ಣಿಗೂ ಮೊಂಡು ಸೂಜಿಯಿಂದ ಉಣ್ಣೆಯ ದಾರ ಎಳೆದು, ಬಟ್ಟೆ ಒಂದಿಷ್ಟೂ ಕಾಣದ ಹಾಗೆ ತುಂಬುವುದು ಅಲ್ಲಿಯ ಕೆಲಸ. ಕುರ್ಚಿಯ ಹೊದಿಕೆ, ದಿಂಬು, ಗೋಡೆಗೆ ತೂಗುಹಾಕುವ ಪಟ, ಹೀಗೆ. ಹೂವಿಗೆ ಒಬ್ಬಳು, ಹಕ್ಕಿಗೆ ಒಬ್ಬಳು. ಅಂಚು ಹೊಲಿಯುವವಳನ್ನು ಎಲ್ಲರೂ ಅಂಚಿನಮ್ಮ ಎಂದು ಕರೆಯುತ್ತಿದ್ದರು. ಅವಳ ಸೂಜಿಗಿಂತ ನಾಲಗೆ ಚುರುಕು. ಎಲೆಗೆ ಎಲೆಯಕ್ಕ. ಕಿಟಕಿಯ ಪಕ್ಕದ ಜಾಗ ಅವಳದು, ಏಕೆಂದರೆ ಐದು ಬಗೆಯ ಹಸಿರಿನಲ್ಲಿ ಯಾವುದು ಯಾವುದೆಂದು ಟ್ಯೂಬ್‌ಲೈಟಿನಲ್ಲಿ ತಿಳಿಯುವುದಿಲ್ಲ, ಹಗಲಿನ ಬೆಳಕೇ ಬೇಕು.

ಅವಳ ಎಲೆ ನೋಡುವಂತಿತ್ತು. ನಡುನರದಿಂದ ಎಡಕ್ಕೊಂದು ಓರೆ ಹೊಲಿಗೆ, ಬಲಕ್ಕೊಂದು ಓರೆ. ಬೆಳಕಿನ ಕಡೆಯ ಅರ್ಧ ತಿಳಿ, ನೆರಳಿನ ಕಡೆಯ ಅರ್ಧ ಗಾಢ. ಒಂದು ಹೊಲಿಗೆ ಆಚೆ ಇಲ್ಲ, ಒಂದು ಈಚೆ ಇಲ್ಲ. "ನಿಮ್ಮ ಒಂದು ಎಲೆ ನೋಡಿದ್ರೆ ಸಾಕು, ಸಾವಿರ ಎಲೆ ನೋಡ್ದ ಹಾಗೆ" ಎಂದು ಹೂವಿನವಳು ಒಮ್ಮೆ ಹೇಳಿದ್ದಳು. ಎಲೆಯಕ್ಕ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದಳು. ಇರಲಿ, ನಾವೂ ಹಾಗೇ ತೆಗೆದುಕೊಳ್ಳೋಣ.

ಈ ವಿದ್ಯೆ ಅವಳಿಗೆ ಅತ್ತೆಯಿಂದ ಬಂದದ್ದು. ಅತ್ತೆಯೂ ಅದೇ ಕಾರ್ಖಾನೆಯಲ್ಲಿ ಅದೇ ಕಿಟಕಿಯ ಪಕ್ಕ ಕೂತು ಎಲೆ ಹೊಲಿದವಳು. ಮದುವೆಯಾದ ಹೊಸದರಲ್ಲಿ ತನಗೆ ತೋಚಿದಂತೆ ಸೂಜಿ ಆಡಿಸುತ್ತಿದ್ದ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕತ್ತರಿಯ ಹಿಡಿಯಿಂದ ಬೆರಳಿನ ಗೆಣ್ಣಿಗೆ ಕುಟ್ಟಿ ಕುಟ್ಟಿ ದಾರಿಗೆ ತಂದಳು. "ತೊಟ್ಟಿನಿಂದ ಶುರು ಮಾಡು. ಎಲೆ ಅಂದ್ರೆ ನೆಟ್ಟಗಿರಬೇಕು." ಸೊಸೆ ಕಲಿತಳು. ಅತ್ತೆ ಬಾಯಿ ತೆರೆದು ಚೆನ್ನಾಗಿದೆ ಎಂದು ಒಂದು ದಿನವೂ ಹೇಳಲಿಲ್ಲ, ಆದರೆ ಕಣ್ಣು ಮಂಜಾದಾಗ ತನ್ನ ಜಾಗವನ್ನು ಬಿಟ್ಟುಕೊಟ್ಟಳು. ತನಗೆ ಗೊತ್ತಿದ್ದುದನ್ನೆಲ್ಲ ಅತ್ತೆ ತನಗೇ ಕೊಟ್ಟಿದ್ದಾಳೆ ಎಂಬುದು ಎಲೆಯಕ್ಕನ ಜೀವನದ ದೊಡ್ಡ ಆಸ್ತಿ.

ಆ ಆಸ್ತಿಗೆ ಪಾಲು ಕೇಳಲು ಬಂದವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಒಂದೇ ಮನೆ, ಮೇಲೆ ಇವರು, ಕೆಳಗೆ ಅವರು. ಅತ್ತೆ ಕೊನೆಯ ನಾಲ್ಕು ವರ್ಷ ಮೆಟ್ಟಿಲು ಹತ್ತಲಾರದೆ ಕೆಳಗೇ ಇದ್ದಳು, ನೋಡಿಕೊಂಡವಳು ಓರಗಿತ್ತಿ. ಅತ್ತೆ ತೀರಿಕೊಂಡ ಮೇಲೆ ಒಂದು ದಿನ ಮೇಲಕ್ಕೆ ಬಂದು, "ಅಕ್ಕಾ, ದಿನವಿಡೀ ಮನೇಲಿ ಕೂತು ಏನ್ ಮಾಡ್ಲಿ? ನಿಮ್ಮಲ್ಲಿ ನನಗೂ ಒಂದು ಕೆಲಸ ಹೇಳಿ" ಎಂದಳು. ಎಲೆಯಕ್ಕ ದೊಡ್ಡ ಮನಸ್ಸು ಮಾಡಿ ಮಾಲೀಕರಿಗೆ ಹೇಳಿದಳು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು ಎಂದು ಆಮೇಲೆ ಎಷ್ಟು ಸಲ ಅಂದುಕೊಂಡಳೋ ಲೆಕ್ಕವಿಲ್ಲ.

ಮೊದಲ ವರ್ಷ ಓರಗಿತ್ತಿ ಹಿನ್ನೆಲೆ ತುಂಬಿದಳು. ಬರೀ ಬೂದು ಬಣ್ಣ, ಸಾಲಿನ ಮೇಲೆ ಸಾಲು. ಒಂದು ವಾರ ಎಲೆಯಕ್ಕನಿಗೆ ಜ್ವರ ಬಂದು ಮಲಗಿದಾಗ, ಅರ್ಜೆಂಟಿನ ದಿಂಬೊಂದಕ್ಕೆ ಮಾಲೀಕರು ಓರಗಿತ್ತಿಯ ಕೈಯಲ್ಲೇ ಒಂದು ಎಲೆ ಹಾಕಿಸಿದರು. ಜ್ವರ ಬಿಟ್ಟು ಎಲೆಯಕ್ಕ ಕೆಲಸಕ್ಕೆ ಬಂದ ದಿನವೇ ಆ ದಿಂಬು ಮುಗಿದು ಮೇಜಿನ ಮೇಲಿತ್ತು. ಮಾಲೀಕರು ಬಂದವರು, "ಏನಿದು ಕಸ" ಎಂದು ಅದರ ಮೇಲಿಂದ ಎಲೆಯನ್ನು ಕೈಯಿಂದ ಜಾಡಿಸಿದರು. ಎಲೆ ಹೋಗಲಿಲ್ಲ. ಬಗ್ಗಿ ನೋಡಿದರು. "ಅಯ್ಯೋ, ಇದು ಹೊಲಿದಿದ್ದು!" ಏಳು ಹೆಂಗಸರೂ ನಕ್ಕರು. ಏಳರಲ್ಲಿ ಎಲೆಯಕ್ಕನೂ ಒಬ್ಬಳಾದ್ದರಿಂದ ಅವಳೂ ನಕ್ಕಳು.

ಆ ಎಲೆಯ ತುದಿ ಮಗುಚಿಕೊಂಡಿತ್ತು. ಗಾಳಿಗೆ ಮಡಚಿಕೊಂಡ ಹಾಗೆ ಮುಂದಕ್ಕೆ ಬಾಗಿ, ಒಳಮೈಯ ಮಾಸಲು ಬೆಳ್ಳಗಿನ ಹಸಿರನ್ನು ತೋರಿಸುತ್ತಿತ್ತು. ಮಡಿಕೆಯ ಕೆಳಗೆ ಒಂದು ಎಳೆ ಕಪ್ಪು ನೆರಳು. ಅಂಚಿನಲ್ಲಿ ಒಂಚೂರು ಕಂದು, ನಡುವೆ ಹುಳ ತಿಂದ ಒಂದು ತೂತು. ಹುಳ ತಿಂದ ಎಲೆ! ಮೂವತ್ತೊಂದು ವರ್ಷದಲ್ಲಿ ಎಲೆಯಕ್ಕ ತನ್ನ ಎಲೆಯ ಹತ್ತಿರಕ್ಕೆ ಒಂದು ಹುಳವನ್ನೂ ಬಿಟ್ಟುಕೊಂಡಿರಲಿಲ್ಲ.

"ಏನ್ ಎಲೆಯಕ್ಕಾ, ಮನೇಲೇ ಇಂಥ ಎಲೆಮರೆ ಕಾಯಿ ಇಟ್ಕೊಂಡು ಒಂದು ದಿನಾನೂ ಬಾಯಿ ಬಿಡ್ಲಿಲ್ವಲ್ಲ" ಎಂದಳು ಅಂಚಿನಮ್ಮ.

"ಹೇಳೋಕೆ ನನಗೆ ಗೊತ್ತಿದ್ರೆ ತಾನೆ" ಎಂದಳು ಎಲೆಯಕ್ಕ. ಅದು ನಿಜವಾಗಿತ್ತು, ಕಿಚ್ಚು ಹತ್ತಿದ್ದೂ ಅಲ್ಲೇ. ಓರಗಿತ್ತಿ ಚೆನ್ನಾಗಿ ಹೊಲಿದಳು ಎಂಬುದನ್ನು ಹೇಗೋ ಸಹಿಸಬಹುದಿತ್ತು. ಆದರೆ ಕಲಿಸಿದವರು ಯಾರು? ಆ ಮನೆಯಲ್ಲಿ ಎಲೆ ಗೊತ್ತಿದ್ದವರು ಇಬ್ಬರೇ. ತಾನು ಕಲಿಸಿಲ್ಲ. ಹಾಗಾದರೆ ಅತ್ತೆ! ತನಗೆ ನೆಟ್ಟಗಿನ ಎಲೆ ಕೊಟ್ಟು, ಮಗುಚಿದ ಎಲೆಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು, ಸಾಯುವ ಮುಂಚೆ ಕಿರಿಯ ಸೊಸೆಯ ಕೈಗೆ ಹಾಕಿ ಹೋಗಿದ್ದಾಳೆ ಮುದುಕಿ. ಬಳೆ ಕೊಟ್ಟಿದ್ದರೆ ಹೋಗಲಿ ಎನ್ನಬಹುದಿತ್ತು. ಸರ ಕೊಟ್ಟಿದ್ದರೂ ಎರಡು ದಿನ ಮಾತು ಬಿಟ್ಟು ಮೂರನೆಯ ದಿನ ಸುಮ್ಮನಾಗುತ್ತಿದ್ದಳು.

ಅವಳ ಗಂಡ ಗಡಿಯಾರ ರಿಪೇರಿಯವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದವರ ಮುಂದೆ ಹೋಗಿ ನಿಂತಳು.

"ನಿಮ್ಮಮ್ಮ ನನಗೆ ಮೋಸ ಮಾಡಿದ್ರು."

"ಅವರು ಹೋಗಿ ಎರಡು ವರ್ಷ ಆಯ್ತಲ್ಲೇ. ಈಗ ಏನ್ ಮೋಸ?"

"ನನಗೆ ಕಲಿಸದೆ ಇರೋದನ್ನ ಅವಳಿಗೆ ಕಲಿಸಿದ್ದಾರೆ."

ಗಂಡ ಒಂದು ಸ್ಕ್ರೂ ತಿರುಗಿಸಿ ಮುಗಿಸಿದರು. "ಒಂದು ಎಲೆಗೆ ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ?"

ಒಂದು ಎಲೆ! ಅವತ್ತಿನಿಂದ ಒಂದು ವಾರ ಆ ಮನುಷ್ಯನಿಗೆ ಸಕ್ಕರೆ ಇಲ್ಲದ ಚಹಾ. ಅವರು ಅದನ್ನು ಗಮನಿಸಲಿಲ್ಲ ಎಂಬುದು ಅವಳಿಗೆ ಇನ್ನೊಂದು ಉರಿ.

ಎಂಟು ತಿಂಗಳು ಅವಳು ಓರಗಿತ್ತಿಯೊಡನೆ ಮಾತು ಬಿಟ್ಟಳು. ಪೂರ್ತಿ ಅಲ್ಲ, "ನೀರು ಬಂತು," "ಗೇಟು ಹಾಕು," ಅಷ್ಟು ಇತ್ತು. ಅವಳು ಮೆಟ್ಟಿಲಲ್ಲಿ ಎದುರಾದರೆ ಇವಳಿಗೆ ಗೋಡೆಯ ಸುಣ್ಣದಲ್ಲಿ ಏನೋ ವಿಶೇಷ ಕಾಣುತ್ತಿತ್ತು. ಕಾರ್ಖಾನೆಯಲ್ಲಿ ಯಾರಾದರೂ ಅವಳ ಚೌಕಟ್ಟಿನ ಬಳಿ ಎರಡು ನಿಮಿಷ ಹೆಚ್ಚು ನಿಂತರೆ ಇವಳ ಸೂಜಿ ತಪ್ಪು ಕಣ್ಣಿಗೆ ಇಳಿಯುತ್ತಿತ್ತು. ಗುಟ್ಟಾಗಿ ಮನೆಯಲ್ಲಿ ತಾನೂ ಮಗುಚಿದ ಎಲೆ ಹೊಲಿಯಲು ನೋಡಿದಳು. ರಸ್ತೆಯ ಮರದಿಂದ ಎಲೆ ಕಿತ್ತು ತಂದು, ತುದಿ ಮಡಿಸಿ, ಎದುರಿಗಿಟ್ಟುಕೊಂಡು, ಅತ್ತೆ ಹೇಳಿಕೊಟ್ಟಂತೆ ತೊಟ್ಟಿನಿಂದ ಶುರು ಮಾಡಿ ತುದಿಗೆ ಬಂದರೆ, ಮಡಿಕೆ ಬರಬೇಕಾದ ಕಡೆ ಕಲೆ ಬಿದ್ದಂತೆ ಕಾಣುತ್ತಿತ್ತು. ಮೂರು ಸಲ ಹೊಲಿದಳು, ಮೂರು ಸಲ ಕಿತ್ತಳು. ತೊಟ್ಟಿನ ಕಡೆಯಿಂದ ಎಣಿಸಿಕೊಂಡು ಬಂದರೆ ತುದಿಯಲ್ಲಿ ಓರೆಗಳು ಕೂಡುವುದೇ ಇಲ್ಲ. ಗುಟ್ಟು ಏನೋ ಇದೆ. ಕೇಳಬಹುದಿತ್ತು. ಓರಗಿತ್ತಿಯನ್ನು ಕೇಳುವುದೇ? ಅದಕ್ಕಿಂತ ಸೂಜಿ ನುಂಗುವುದು ಮೇಲು.

ಅಷ್ಟರಲ್ಲಿ ಗ್ರಂಥಾಲಯದ ಕೆಲಸ ಬಂತು. ಓದುವ ಹಜಾರದ ಗೋಡೆಗೆ ದೊಡ್ಡ ಪಟ: ಒಂದೇ ಕೊಂಬೆ, ನೂರ ನಲವತ್ತು ಎಲೆ, ಒಂದು ವರ್ಷದ ಕೆಲಸ. ಮಾಲೀಕರು ಎಲ್ಲರ ಮುಂದೆ ಹೇಳಿದರು: "ಅಕ್ಕ ತಂಗಿ ಇಬ್ಬರೂ ಮೂರು ಎಲೆಯ ಒಂದೊಂದು ಮಾದರಿ ಹೊಲೀರಿ. ಶನಿವಾರ ಗ್ರಂಥಾಲಯದವರು ಬಂದು ನೋಡ್ತಾರೆ. ಯಾರದ್ದು ಒಪ್ಪಿಗೆ ಆಗುತ್ತೋ ಅವರು ಕಿಟಕಿ ಹತ್ರ ಕೂತು ಎಲೆ ಕೆಲಸ ನಡೆಸ್ಲಿ. ಇನ್ನೊಬ್ಬರು ಅವರು ಹೇಳಿದ ಹಾಗೆ ತುಂಬಿಕೊಡ್ಲಿ." ಇನ್ನೊಬ್ಬರು ಎಂದಾಗ ಅವರ ಕಣ್ಣು ಯಾರ ಕಡೆ ಹೋಯಿತೆಂದು ಎಲೆಯಕ್ಕ ನೋಡಿದ್ದಳು. ಇಷ್ಟು ವರ್ಷ ಕೂತ ಜಾಗದಿಂದ ಎದ್ದು, ತಾನೇ ಕರೆತಂದವಳ ಕೈಕೆಳಗೆ ಬೂದು ದಾರ ಹಿಡಿದು ಕೂರಬೇಕೇ?

ಶನಿವಾರ ಮಧ್ಯಾಹ್ನ ಎಲ್ಲರೂ ಡಬ್ಬಿ ಹಿಡಿದು ತಾರಸಿಗೆ ಊಟಕ್ಕೆ ಹೋದರು. "ತಲೆನೋವು, ನೀವು ಹೋಗಿ" ಎಂದು ಎಲೆಯಕ್ಕ ಉಳಿದಳು. ಓರಗಿತ್ತಿಯ ಚೌಕಟ್ಟು ಗೋಡೆಗೆ ಒರಗಿತ್ತು. ಮೂರೂ ಎಲೆ ಮುಗಿದಿದ್ದವು. ಮೂರನೆಯದು, ಹೆಬ್ಬೆಟ್ಟಿನಷ್ಟು ದೊಡ್ಡದು, ನಡುವೆ ಹುಳದ ತೂತಿನೊಡನೆ, ತುದಿ ಮಗುಚಿಕೊಂಡು ಇವಳನ್ನೇ ನೋಡುತ್ತಿತ್ತು.

ಆ ಕಾರ್ಖಾನೆಯಲ್ಲಿ ಬರೆದಿಡದ ಒಂದು ನಿಯಮವಿತ್ತು: ಇನ್ನೊಬ್ಬರ ಚೌಕಟ್ಟನ್ನು ಕೇಳದೆ ತಿರುಗಿಸಿ ಬೆನ್ನು ನೋಡಬಾರದು. ಮುಂದೆ ಎಷ್ಟೇ ಚಂದವಿದ್ದರೂ ಹೊಲಿದವಳ ಅವಸರ, ಸೋಮಾರಿತನ, ಗಂಟು, ತೇಪೆ ಎಲ್ಲ ಹಿಂದೆ ಇರುತ್ತವೆ. ಹೊಸಬರಿಗೆ ಈ ನಿಯಮ ಹೇಳಿಕೊಡುತ್ತಿದ್ದವಳು ಎಲೆಯಕ್ಕನೇ. ಈಗ ಅವಳೇ ಚೌಕಟ್ಟನ್ನು ಎತ್ತಿ ತಿರುಗಿಸಿದಳು. ಗಂಟುಗಳಿರಲಿ ಎಂದು ಬೇಡಿಕೊಂಡು ತಿರುಗಿಸಿದಳು. ಒಂದೂ ಇರಲಿಲ್ಲ.

ಒಂದು ಎಳೆ ಬಿಡಿಸಿ ನೋಡೋಣ, ಎಲ್ಲಿಂದ ಶುರು ಮಾಡಿದ್ದಾಳೆ ಗೊತ್ತಾಗುತ್ತದೆ, ಆಮೇಲೆ ಹಾಗೇ ಸಿಕ್ಕಿಸಿದರಾಯಿತು ಎಂದು ಕತ್ತರಿಯ ತುದಿಯನ್ನು ತೊಟ್ಟಿನ ಬಳಿ ಇಟ್ಟಳು. ಒಂದು ಎಳೆ ಬಂತು, ಅದರ ಹಿಂದೆ ಇನ್ನೊಂದು. ನಾಲ್ಕನೆಯ ಎಳೆಯ ಹೊತ್ತಿಗೆ ಅವಳು ನೋಡುತ್ತಿರಲಿಲ್ಲ, ಕೀಳುತ್ತಿದ್ದಳು. ಎಂಟು ತಿಂಗಳ ಉರಿಯೆಲ್ಲ ಕತ್ತರಿಗೆ ಇಳಿದಿತ್ತು. ಹಸಿರು ನೂಲಿನ ಚೂರುಗಳು ಮಡಿಲಲ್ಲಿ ಬಿದ್ದವು. ಕೊನೆಗೆ ಉಳಿದದ್ದು ತುದಿಯ ಮೂರು ಹೊಲಿಗೆ. ಮೊದಲು ಹಾಕಿದ್ದೇ ಅವು. ಇವಳು ತುದಿಯಿಂದ ಶುರು ಮಾಡಿದ್ದಾಳೆ!

ಎಲೆಯಕ್ಕನ ಬಲಗೈಯ ಗೆಣ್ಣು ಚುರುಕ್ಕೆಂದಿತು. "ತುದಿಯಿಂದ ಶುರು ಮಾಡ್ತಾರೇನೇ ಯಾರಾದ್ರೂ?" ಅತ್ತೆಯ ದನಿ, ಕತ್ತರಿಯ ಹಿಡಿ. ಹೊಸ ಮದುಮಗಳು. ತುದಿಯಿಂದ ಶುರು ಮಾಡುತ್ತಿದ್ದವಳು ತಾನೇ ಅಲ್ಲವೇ?

ಅದನ್ನು ಯೋಚಿಸಲು ಪುರುಸೊತ್ತಿರಲಿಲ್ಲ. ಚೌಕಟ್ಟಿನಲ್ಲಿ ಎಲೆ ಇದ್ದ ಜಾಗದಲ್ಲಿ ಬೋಳು ಬಟ್ಟೆ. ಗಡಿಯಾರದಲ್ಲಿ ಊಟ ಮುಗಿಯಲು ಇಪ್ಪತ್ತೈದು ನಿಮಿಷ. ಚೂರುಗಳನ್ನು ಬ್ಲೌಸಿನೊಳಗೆ ತುರುಕಿಕೊಂಡು, ತನ್ನದೇ ಬುಟ್ಟಿಯ ದಾರ ಪೋಣಿಸಿ, ಉಳಿದ ಆ ಮೂರು ಹೊಲಿಗೆಗೆ ತಾಗಿ ಸೂಜಿ ಇಳಿಸಿದಳು. ಕೈ ತಾನಾಗಿಯೇ ಹೋಯಿತು. ಒಳಮೈಯ ಮಾಸಲು ಹಸಿರು, ಮಡಿಕೆಯ ಕೆಳಗೆ ಕಪ್ಪು ಎಳೆ, ಅಲ್ಲಿಂದ ಇಳಿದು ನಡುನರ. ಎಣಿಸಲಿಲ್ಲ. ಓರೆಗೆ ಓರೆ ಕೂಡಿತು. ತಾರಸಿಯ ಮೆಟ್ಟಿಲಲ್ಲಿ ಡಬ್ಬಿಗಳ ಸದ್ದು ಕೇಳಿಸುವ ಹೊತ್ತಿಗೆ ತೊಟ್ಟು ಮುಗಿದಿತ್ತು, ಚೌಕಟ್ಟು ಗೋಡೆಗೆ ಒರಗಿತ್ತು, ಎಲೆಯಕ್ಕ ಹಣೆ ಒತ್ತಿಕೊಂಡು ತಲೆನೋವಿನಲ್ಲಿದ್ದಳು.

ಓರಗಿತ್ತಿ ಬಂದು ಕೂತಳು. ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು. ಮೂರನೆಯ ಎಲೆಯ ಮೇಲೆ ಬೆರಳಾಡಿಸಿದಳು, ನಡುವೆ ನಿಲ್ಲಿಸಿದಳು. ಆಗ ಎಲೆಯಕ್ಕನಿಗೆ ಹೊಳೆಯಿತು: ತೂತು! ಹುಳದ ತೂತು ಹಾಕುವುದೇ ಮರೆತಿದ್ದಳು. ಬೇರೆಯವರ ಎಲೆಗೂ ತೂತು ಮಾಡಲು ಅವಳಿಗೆ ಕೈ ಬಂದಿರಲಿಲ್ಲ. ಕುಂಬಳಕಾಯಿ ಕಳ್ಳನ ಹಾಗೆ ಅವಳ ಕೈ ತಾನಾಗಿ ಎದೆಯ ಬಳಿ ಹೋಗಿ, ಅಲ್ಲಿ ತುರುಕಿದ್ದ ನೂಲಿನ ಚೂರುಗಳನ್ನು ಮುಟ್ಟಿ ನೋಡಿತು. ಓರಗಿತ್ತಿ ಚೌಕಟ್ಟನ್ನು ಮತ್ತೆ ಗೋಡೆಗೆ ಒರಗಿಸಿದಳು.

ನಾಲ್ಕು ಗಂಟೆಗೆ ಗ್ರಂಥಾಲಯದ ಮುಖ್ಯಸ್ಥೆ ಬಂದರು. ದಪ್ಪ ಕನ್ನಡಕ, ಕಡಿಮೆ ಮಾತು. ಮಾಲೀಕರು ಎರಡೂ ಮಾದರಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎಲೆಯಕ್ಕನ ಮೂರು ಎಲೆಗಳನ್ನು ನೋಡಿ ಆಕೆ, "ಅಚ್ಚುಕಟ್ಟಾಗಿದೆ" ಎಂದರು. ಇನ್ನೊಂದನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಈ ಎರಡು ಚೆನ್ನಾಗಿವೆ. ಆದರೆ ಈ ಮೂರನೇದು ಇದೆಯಲ್ಲ, ಇದು ಎಲೆ. ಈಗ ಉದುರುತ್ತೇನೋ ಅನ್ನಿಸುತ್ತೆ. ನನಗೆ ಇಂಥವೇ ಬೇಕು. ಯಾರು ಹೊಲಿದಿದ್ದು?"

"ಇವರು" ಎಂದು ಮಾಲೀಕರು ಓರಗಿತ್ತಿಯ ಕಡೆ ಕೈ ತೋರಿಸಿದರು. ಎಲ್ಲರ ಮುಖ ಅತ್ತ ತಿರುಗಿತು.

ಎಲೆಯಕ್ಕನ ಪಾಡು ಹೇಳತೀರದು. ಹೊಗಳಿಕೆ ತನ್ನ ಎಲೆಗೆ, ಹೆಸರು ಅವಳಿಗೆ! ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ತಾನು ಹೊಲಿದ ಎಲೆಯ ಮೇಲೇ ತನಗೆ ಹೊಟ್ಟೆಕಿಚ್ಚು. ಇಂಥ ಗತಿ ಶತ್ರುವಿಗೂ ಬೇಡ ಎಂದು ಹೇಳೋಣವೆಂದರೆ ಶತ್ರು ಅಲ್ಲೇ ಕೂತಿದ್ದಾಳೆ, ಹಾಯಾಗಿ.

ಓರಗಿತ್ತಿ ಎದ್ದು ನಿಂತಳು. "ಅದು ನಂದಲ್ಲ ಮೇಡಂ. ನಾನು ಹಾಕಿದ್ದು ಸರಿ ಬಂದಿರ್ಲಿಲ್ಲ. ಅಕ್ಕನ್ನ ಕೇಳ್ಕೊಂಡೆ, ಅವರು ತಿದ್ದಿಕೊಟ್ರು."

ಬೇಕಾದದ್ದೆಲ್ಲ ಈಗ ಎಲೆಯಕ್ಕನ ಮುಂದಿತ್ತು: ಎಲೆ ಅವಳದು, ಹೆಸರು ಅವಳದು, ಕಿಟಕಿ ಅವಳದು. ಸುಮ್ಮನೆ ತಲೆ ಆಡಿಸಿದರೆ ಸಾಕಿತ್ತು. ಆದರೆ ಕೊಡುತ್ತಿರುವವಳು ಯಾರು? ಇಷ್ಟು ಒಳ್ಳೆಯವಳಾಗುವ ಹಕ್ಕೂ ಇವಳಿಗೇ ಇರಬೇಕೇ? ಎಲೆಯಲ್ಲಿ ಗೆದ್ದದ್ದು ಸಾಲದೆ ಇದರಲ್ಲೂ ಗೆಲ್ಲಬೇಕೇ?

"ಸುಳ್ಳು ಹೇಳ್ತಾಳೆ" ಎಂದಳು ಎಲೆಯಕ್ಕ. ಅವಳ ದನಿ ಅವಳಿಗೇ ದೊಡ್ಡದೆನಿಸಿತು. "ತಿದ್ದಿದ್ದೂ ಇಲ್ಲ, ಕೇಳ್ಕೊಂಡಿದ್ದೂ ಇಲ್ಲ. ಅವಳದ್ದು ಚೆನ್ನಾಗೇ ಇತ್ತು. ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಊಟದ ಹೊತ್ತಲ್ಲಿ ಅವಳ ಚೌಕಟ್ಟು ತಿರುಗಿಸಿ ಕಿತ್ತುಹಾಕ್ದೆ. ಆಮೇಲೆ ಹೆದರಿ ಮತ್ತೆ ಹೊಲ್ದೆ."

ಬ್ಲೌಸಿನೊಳಗಿಂದ ಹಸಿರು ಚೂರುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಅಂಚಿನಮ್ಮ ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

ಮಾಲೀಕರು ಗಲ್ಲ ಕೆರೆದುಕೊಂಡರು. "ಕೆಲಸ ಇಬ್ಬರೂ ಮಾಡಿ. ಆದರೆ ಕಿಟಕಿ ಜಾಗ ಅವರಿಗೆ. ಇನ್ನೊಬ್ಬರ ಚೌಕಟ್ಟು ತಿರುಗಿಸಿದವರನ್ನ ನಾನು ಅಲ್ಲಿ ಕೂರ್ಸೋಕಾಗಲ್ಲ. ಆ ನಿಯಮ ನೀವೇ ಹೇಳ್ತಿದ್ದಿದ್ದು." ಎಲೆಯಕ್ಕ ತನ್ನ ಬುಟ್ಟಿ, ಕತ್ತರಿ, ಮಣೆ ಎತ್ತಿ ಗೋಡೆಯ ಕಡೆಗೆ ಇಟ್ಟುಕೊಂಡಳು. ಮಾಡಿದ್ದುಣ್ಣೋ ಮಹಾರಾಯ ಎಂದು ತನಗೆ ತಾನೇ ಹೇಳಿಕೊಂಡಳು.

ಮನೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಬಂದರು. ಗೇಟಿನ ಬಳಿ ಓರಗಿತ್ತಿ, "ಅಕ್ಕಾ, ಒಂದು ನಿಮಿಷ ಒಳಗೆ ಬನ್ನಿ" ಎಂದಳು. ಬೈಸಿಕೊಳ್ಳಲು ಸಿದ್ಧಳಾಗಿಯೇ ಎಲೆಯಕ್ಕ ಒಳಗೆ ಹೋದಳು. ಬೈಗುಳ ಬರಲಿಲ್ಲ. ಓರಗಿತ್ತಿ ನೇರವಾಗಿ ಅತ್ತೆಯ ಕುರ್ಚಿಯ ಬಳಿ ಹೋದಳು. ಅತ್ತೆ ಇದ್ದಷ್ಟು ದಿನ ಅದರ ಮೇಲೆ ಅತ್ತೆ, ಅತ್ತೆ ಹೋದ ಮೇಲೆ ಮಡಿಸದ ಬಟ್ಟೆಯ ಗುಡ್ಡೆ. ಆ ಕುರ್ಚಿಯ ಮೈಯನ್ನು ಎಲೆಯಕ್ಕ ನೋಡಿ ಎಷ್ಟೋ ವರ್ಷವಾಗಿತ್ತು. ಓರಗಿತ್ತಿ ಬಟ್ಟೆಗಳನ್ನು ಎರಡೂ ಕೈಯಲ್ಲಿ ಬಾಚಿ ಮಂಚಕ್ಕೆ ಹಾಕಿದಳು.

ಹೊದಿಕೆಯ ತುಂಬ ಎಲೆಗಳು. ಬಣ್ಣ ಮಾಸಿ, ಅಲ್ಲಲ್ಲಿ ಉಣ್ಣೆ ಸವೆದು ಬಟ್ಟೆ ಕಾಣುತ್ತಿತ್ತು. ಒಂದೂ ನೆಟ್ಟಗಿರಲಿಲ್ಲ. ಒಂದು ಬಾಗಿತ್ತು, ಒಂದು ಮುದುಡಿತ್ತು, ಐದಾರು ತುದಿ ಮಗುಚಿಕೊಂಡಿದ್ದವು. ಮದುವೆಯಾದ ಮೊದಲ ವರ್ಷ, ಯಾರೂ ದಾರಿಗೆ ತರುವ ಮುಂಚೆ, ತಾನು ಅತ್ತೆಗೆಂದು ಹೊಲಿದುಕೊಟ್ಟ ಹೊದಿಕೆ. ಮರೆತೇಬಿಟ್ಟಿದ್ದಳು.

"ಸವೆದ ಕಡೆ ನಾನು ತುಂಬ್ತಾ ಬಂದೆ ಅಕ್ಕಾ. ನಾಲ್ಕು ವರ್ಷ, ಅತ್ತೆ ಮಲಗಿದ್ದಾಗ. ನಿಮ್ಮ ಹೊಲಿಗೆ ಹಿಡ್ಕೊಂಡೇ ಹೋದೆ, ಹಾಗೇ ಕಲಿತೆ."

"ಅತ್ತೆ ಕಲಿಸ್ಲಿಲ್ವಾ?"

"ಅವರಿಗೆ ಸೂಜಿ ಕಣ್ಣೇ ಕಾಣ್ತಿರ್ಲಿಲ್ಲ. ಒಂದ್ಸಲ ಕೇಳ್ದೆ, ಇಷ್ಟು ಚೆನ್ನಾಗಿರೋದನ್ನ ಅಕ್ಕ ಯಾಕೆ ಬಿಟ್ರು ಅಂತ." ಓರಗಿತ್ತಿ ಹೊದಿಕೆಯ ಸುಕ್ಕು ಸವರಿದಳು. "'ನನ್ನ ಕೈಗೆ ಅದು ಬರ್ಲಿಲ್ಲ ಕಣೇ, ಅದಕ್ಕೇ ಅವಳ ಕೈಯಿಂದಾನೂ ಬಿಡಿಸ್ದೆ' ಅಂದ್ರು."

ಎಲೆಯಕ್ಕ ಮಂಚದ ಮೇಲೆ, ಬಟ್ಟೆಯ ಗುಡ್ಡೆಯ ಮೇಲೇ ಕೂತಳು. ಮೂವತ್ತೊಂದು ವರ್ಷ. ಸಾವಿರಾರು ನೆಟ್ಟಗಿನ ಎಲೆ. ಮುದುಕಿಗೆ ಶಾಪ ಹಾಕಬೇಕೆಂದು ಬಾಯಿ ತೆರೆದಳು. ಮಧ್ಯಾಹ್ನದ ಕತ್ತರಿ ನೆನಪಾಗಿ ಬಾಯಿ ಮುಚ್ಚಿದಳು. ಅತ್ತೆ ಹಿಡಿಯಿಂದ ಕುಟ್ಟಿದ್ದಳು, ತಾನು ಅಲಗಿನಿಂದ ಕಿತ್ತಿದ್ದಳು.

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ನೀವು ಎಲ್ಲಿ ನಿಂತ್ರಿ? ಎಂಟು ತಿಂಗಳಿಂದ ಗೋಡೆ ನೋಡ್ಕೊಂಡೇ ಮೆಟ್ಲು ಹತ್ತಿದ್ರಿ."

ಎಲೆಯಕ್ಕ ಕಣ್ಣೊರೆಸಿಕೊಂಡು ಕುರ್ಚಿಯ ಮೇಲೆ ಬಗ್ಗಿದಳು. ತನ್ನ ಹಳೆಯ ಹೊಲಿಗೆ ಯಾವುದು, ಓರಗಿತ್ತಿ ತುಂಬಿದ್ದು ಯಾವುದು ಎಂದು ಬೆರಳಿಟ್ಟು ಹುಡುಕಿದಳು. ಸವೆತ ಹೆಚ್ಚಾಗಿದ್ದ ಒಂದು ಕಡೆ ಓರಗಿತ್ತಿ ಎಲೆಯನ್ನು ಪೂರ್ತಿ ಮುಚ್ಚದೆ, ಸವೆದು ಹೋದ ಜಾಗದ ಸುತ್ತ ಕಂದು ಎಳೆ ತಿರುಗಿಸಿ, ಅದನ್ನೇ ಹುಳದ ತೂತು ಮಾಡಿದ್ದಳು. ಬಹಳ ಚೆನ್ನಾಗಿತ್ತು. ತನ್ನದಕ್ಕಿಂತ ಚೆನ್ನಾಗಿತ್ತು. ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಮತ್ತೆ ಎದ್ದಿತು, ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

"ಈ ತೂತು ಹೇಗೆ ಹಾಕ್ದೆ?" ಎಂದು ಕೇಳಿದಳು. "ಸೂಜಿ ತಗೊಂಡು ಬಾ. ತೋರ್ಸು."